ಬಿಡುವಿನ ಕೈಗೆಲಸ: ಮನೆಯಲ್ಲೇ ಕಟ್ಟುವ ವಾಲ್ವಿನ ಪ್ರೀ-ಆಂಪ್ಲಿಫಯರ್

“ವಾಲ್ವಿನ ಪ್ರೀ-ಆಂಪ್ಲಿಫಯರನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದೆ? ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ, ಬೆಸುಗೆ ಹಾಕುವುದು ಅಷ್ಟಿಷ್ಟು ಬರುತ್ತದೆ” ಎಂದು ಕಲ್ಯಾಣದ ವಾಚಕರೊಬ್ಬರು ಕೇಳಿದ್ದಾರೆ. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಡೊಂಬಿವಲಿಯ ಕಾಲೇಜು ವಿದ್ಯಾರ್ಥಿಯೊಬ್ಬನೂ ಕೇಳಿದ್ದಾನೆ. ಒಬ್ಬರು ನಿವೃತ್ತಿಯ ಅಂಚಿನಲ್ಲಿರುವವರು. ಇನ್ನೊಬ್ಬ ಮೀಸೆ ಮೂಡುತ್ತಿರುವ ಹುಡುಗ. ಇಬ್ಬರಿಗೂ ಒಂದೇ ಹುಚ್ಚು ಹಿಡಿದಿದೆಯೆಂದಮೇಲೆ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಡುವುದು ನ್ಯಾಯವೆಂದು ನಮಗೆ ತೋರಿತು.

ನಮ್ಮ ಉತ್ತರ ಚಿಕ್ಕದು: ಕಟ್ಟಬಹುದು. ಒಂದೇ ವಾಲ್ವು, ಎರಡು ಟ್ರಾನ್ಸ್‌ಫಾರ್ಮರು, ಎರಡು ಮೂರು ಡಜನ್ ಬಿಡಿಭಾಗಗಳು, ನಾಲ್ಕಾರು ಭಾನುವಾರಗಳ ತಾಳ್ಮೆ ಇದ್ದರೆ ಸಾಕು. ಆದರೆ ಈ ಕೆಲಸದಲ್ಲಿ ಜೀವಕ್ಕೇ ಅಪಾಯ ತರಬಲ್ಲ ಒಂದು ಜಾಗವಿದೆ. ಅದನ್ನು ಮರೆಮಾಚಿ ಹೊಸಬರನ್ನು ಹುರಿದುಂಬಿಸುವುದು ನಮಗೆ ಒಪ್ಪದ ಮಾತು. ಆದುದರಿಂದ ಈ ಬರಹದಲ್ಲಿ ಬೆಸುಗೆಗಿಂತ ಅಳತೆಯ ಮಾತೇ ಹೆಚ್ಚು. ಅಳೆಯಲು ಕಲಿತವನಿಗೆ ವಾಲ್ವು ಒಳ್ಳೆಯ ಗುರು. ಕಲಿಯದವನಿಗೆ ಅದೇ ಗಂಡಾಂತರ.

ಮೊದಲು ಈ ಪ್ರೀ-ಆಂಪ್ಲಿಫಯರೆಂದರೆ ಏನೆಂಬುದನ್ನು ನೋಡೋಣ. ಮೊಬೈಲು, ಸಿಡಿ ಪ್ಲೇಯರು, ಹಳೆಯ ಕ್ಯಾಸೆಟ್ ಡೆಕ್ಕು ಇವುಗಳಿಂದ ಹೊರಬರುವ ಸಂಗೀತದ ಸಂಜ್ಞೆ ಒಂದೆರಡು ವೋಲ್ಟಿನೊಳಗಿನ ಅಲುಗಾಟವಷ್ಟೆ. ಸ್ಪೀಕರನ್ನು ನಡುಗಿಸುವ ಬಲದ ಕೆಲಸ ಪವರ್ ಆಂಪ್ಲಿಫಯರಿನದು. ಇವೆರಡರ ನಡುವೆ ನಿಂತು, ಬಂದ ಸಂಜ್ಞೆಯನ್ನು ಬರಮಾಡಿಕೊಂಡು, ಬೇಕಾದಷ್ಟಕ್ಕೆ ಏರಿಸಿ ಇಳಿಸಿ ಮುಂದಕ್ಕೆ ಕಳಿಸುವುದು ಪ್ರೀ-ಆಂಪ್ಲಿಫಯರಿನ ಕೆಲಸ. ಮದುವೆಮನೆಯ ಬಾಗಿಲಲ್ಲಿ ನಿಂತು ನೆಂಟರನ್ನು ಎದುರುಗೊಳ್ಳುವ ಹಿರಿಯರಂತೆ ಅದು. ಗ್ರಾಮಫೋನ್ ತಟ್ಟೆಗಳ ವಿಷಯ ಬೇರೆ. ಅಯಸ್ಕಾಂತದ ಪಿಕಪ್ಪಿನಿಂದ ಬರುವುದು ಕೆಲವೇ ಮಿಲಿವೋಲ್ಟು. ಅದಕ್ಕೆ ಇನ್ನೂ ಹೆಚ್ಚಿನ ವರ್ಧನೆಯೂ ಸ್ವರಸಮತೋಲದ ಏರ್ಪಾಡೂ ಬೇಕು. ಹೊಸಬರು ಅಲ್ಲಿಂದ ಆರಂಭಿಸಬಾರದು.

“ಮೊಬೈಲಿನಲ್ಲೇ ಎಲ್ಲ ಸಿಗುವ ಕಾಲದಲ್ಲಿ ಈ ಗಾಜಿನ ಬುರುಡೆ ಏಕೆ?” ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಪ್ರಾಮಾಣಿಕವಾದ ಉತ್ತರವನ್ನೇ ಕೊಡಬೇಕು. ಅಳತೆಯ ಲೆಕ್ಕದಲ್ಲಿ ಇಂದಿನ ಸಣ್ಣ ಐ.ಸಿ. ಚೂರೊಂದು ವಾಲ್ವಿಗಿಂತ ಶುದ್ಧವಾಗಿ ಕೆಲಸ ಮಾಡುತ್ತದೆ, ಬೆಲೆಯಲ್ಲೂ ಅಗ್ಗ. ವಾಲ್ವು ತನ್ನದಾದ ಒಂದಿಷ್ಟು ಬಣ್ಣವನ್ನು ಧ್ವನಿಗೆ ಬೆರೆಸುತ್ತದೆ. ಆ ಬಣ್ಣದಲ್ಲಿ ಮುಖ್ಯವಾದದ್ದು ಮೂಲ ಸ್ವರದ ಎರಡರಷ್ಟು ಕಂಪನದ ಅಂಶ, ಎಂದರೆ ಮೇಲಿನ ಷಡ್ಜ. ಅದು ಕಿವಿಗೆ ಅಪಸ್ವರವೆನಿಸುವುದಿಲ್ಲ. ಅದನ್ನೇ ಜನ ‘ಬೆಚ್ಚಗಿನ ಧ್ವನಿ’ ಎನ್ನುತ್ತಾರೆ. ಅದು ಅಲಂಕಾರವೇ ಹೊರತು ಸತ್ಯಾಂಶವಲ್ಲ.

ಹಾಗಾದರೆ ನಾವೇಕೆ ಇದನ್ನು ಹೊಗಳುತ್ತೇವೆ? ಒಂದೇ ಕಾರಣ. ಐ.ಸಿ. ಮುಚ್ಚಿದ ಪೆಟ್ಟಿಗೆ, ಅದರೊಳಗೆ ಏನು ನಡೆಯುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ವಾಲ್ವಿನ ಮಂಡಲವಾದರೋ ತೆರೆದಿಟ್ಟ ಪುಸ್ತಕ. ಒಂದೊಂದು ಭಾಗವೂ ಬೆರಳಲ್ಲಿ ಹಿಡಿಯುವಷ್ಟು ದೊಡ್ಡದು, ಒಂದೊಂದಕ್ಕೂ ಒಂದೊಂದೇ ಕೆಲಸ. ಏಕೆ ಹಾಡುತ್ತಿದೆ, ಹಾಡದಿದ್ದರೆ ಏಕೆ ಹಾಡುತ್ತಿಲ್ಲ ಎಂಬುದನ್ನು ಹೊಸಬನೂ ಮೀಟರು ಹಿಡಿದು ತಾನೇ ಕಂಡುಹಿಡಿಯಬಲ್ಲ. ಕೆಟ್ಟದ್ದನ್ನೆಲ್ಲ ಎಸೆದು ಹೊಸದು ತರುವ ಈ ದಿನಗಳಲ್ಲಿ ಇಷ್ಟು ಕಲಿಸುವ ವಸ್ತು ಮನೆಯಲ್ಲಿ ಬೇರೆ ಯಾವುದಿದೆ?

ಈ ಹುಚ್ಚು ಕನ್ನಡಿಗರಿಗೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅವರು ಕಲಿಸುತ್ತಿದ್ದುದು ಎಂಜಿನಿಯರಿಂಗ್ ಅಲ್ಲ, ಮನೋವಿಜ್ಞಾನ! ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ದೇಶದ ರೇಡಿಯೋವೇ ತಾಳಿತು. ಅಂದು ಟ್ರಾನ್ಸಿಸ್ಟರ್ ಹುಟ್ಟಿರಲಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದು ಬೆಳಕು ಕಂಡದ್ದು 1947ರ ಡಿಸೆಂಬರಿನಲ್ಲಿ. ಆದ್ದರಿಂದ ಗೋಪಾಲಸ್ವಾಮಿಯವರ ಧ್ವನಿ ಹೊರಟದ್ದು ವಾಲ್ವುಗಳಿಂದ, ಕೇಳಿಸಿದ್ದೂ ವಾಲ್ವುಗಳಿಂದ. 1950ರ ಜನವರಿ 8ರಂದು ಧಾರವಾಡ ಕೇಂದ್ರ ಮಾತಾಡತೊಡಗಿದಾಗಲೂ ಮನೆಮನೆಗಳಲ್ಲಿ ಅದನ್ನು ಕೇಳಿಸಿದವು ವಾಲ್ವು ಸೆಟ್ಟುಗಳೇ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ‘ಬಿ.ಇ.ಎಲ್.’ ಎಂದು ಅಚ್ಚಾದ ಬುರುಡೆಗಳು ಇಂದಿಗೂ ಹಳೆಯ ರೇಡಿಯೋಗಳೊಳಗೆ ಸಿಗುತ್ತವೆ.

ಈ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇವೆ. ಊರಿನ ಅಟ್ಟದಿಂದ ತಂದ ಅಜ್ಜನ ರೇಡಿಯೋ ನಮ್ಮಲ್ಲಿ ಹಲವರ ಮನೆಯಲ್ಲಿದೆ. ಅದರ ವಾಲ್ವು ಕಿತ್ತು ಪ್ರೀ-ಆಂಪ್ಲಿಫಯರು ಮಾಡೋಣವೆಂದು ಹೊರಡಬೇಡಿ. ರೇಡಿಯೋ ವಾಲ್ವುಗಳಲ್ಲಿ ಹೆಚ್ಚಿನವು ಈ ಕೆಲಸಕ್ಕೆ ಒಗ್ಗುವುದಿಲ್ಲ. ಒಂದು ನೆನಪು ಹಾಳಾಗುವುದು ಮಾತ್ರ ನಿಶ್ಚಯ. ಇನ್ನೂ ದೊಡ್ಡ ಕಾರಣವೊಂದಿದೆ. ‘ಎ.ಸಿ./ಡಿ.ಸಿ.’ ಎಂದು ಬರೆದಿರುವ ಹಳೆಯ ಸೆಟ್ಟುಗಳಲ್ಲಿ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಒಳಗಿನ ಲೋಹದ ಚೌಕಟ್ಟು, ಎಂದರೆ ಚಾಸಿ, ನೇರವಾಗಿ ಮನೆಯ ವಿದ್ಯುತ್ತಿಗೇ ಸೇರಿಕೊಂಡಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಆ ಚಾಸಿಯಲ್ಲಿ 230 ವೋಲ್ಟು ಇರಬಹುದು. ಅಂತಹ ಸೆಟ್ಟಿನ ಹಿಂಬದಿಯ ಹಲಗೆಯನ್ನು ಬಲ್ಲವರಲ್ಲದೆ ಬೇರೆಯವರು ಬಿಚ್ಚಬಾರದು.

ಇನ್ನು ವಾಲ್ವು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡೋಣ. ನಮ್ಮ ವಾಚಕರಿಗೆ ಇದನ್ನು ವಿವರಿಸಲು ಬೆಳಗಿನ ರೈಲ್ವೆ ಸೇತುವೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕ್ಯಾಥೋಡ್ ಎಂಬ ಸಣ್ಣ ಕೊಳವೆಯಿದೆ. ಹೀಟರ್ ತಂತಿ ಅದನ್ನು ಕೆಂಪಗೆ ಕಾಯಿಸುತ್ತದೆ. ಕಾದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು, ಗಾಡಿ ಬಂದೊಡನೆ ಪ್ಲಾಟ್‌ಫಾರ್ಮಿನ ಮೇಲೆ ಸುರಿಯುವ ಜನದಂತೆ ಹೊರಬೀಳುತ್ತವೆ. ಆಚೆ ಕಡೆಯಲ್ಲಿ ಆನೋಡ್ ಎಂಬ ತಗಡಿದೆ. ಅಲ್ಲಿ ನೂರಾರು ವೋಲ್ಟಿನ ಧನ ವಿದ್ಯುತ್ತಿದೆ. ಅದು ಜನರನ್ನು ಎಳೆಯುವ ಹೊರಬಾಗಿಲು. ಇವೆರಡರ ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ. ಅದೇ ಸೇತುವೆಯ ಬಾಯಲ್ಲಿ ನಿಂತ ಟಿಕೆಟ್ ತಪಾಸಣೆಯವರು. ಅವರು ಕೈಯನ್ನು ಒಂದಿಷ್ಟು ಚಾಚಿದರೆ ಇಡೀ ಗುಂಪು ನಿಧಾನವಾಗುತ್ತದೆ; ಕೈ ಇಳಿಸಿದರೆ ಗುಂಪು ನುಗ್ಗುತ್ತದೆ. ಕೈಯ ಚಲನೆ ಅಲ್ಪ, ಗುಂಪಿನ ಏರಿಳಿತ ಅಪಾರ. ವರ್ಧನೆಯೆಂದರೆ ಇಷ್ಟೇ. ಸಂಗೀತದ ಪುಟ್ಟ ಸಂಜ್ಞೆಯನ್ನು ಗ್ರಿಡ್ಡಿಗೆ ಕೊಡುತ್ತೇವೆ. ಆನೋಡಿನ ಕಡೆಯಲ್ಲಿ ಅದರ ದೊಡ್ಡ ಪ್ರತಿಯನ್ನು ಪಡೆಯುತ್ತೇವೆ.

ಹೊಸಬರಿಗೆ ನಾವು ಹೇಳುವ ವಾಲ್ವು ಇಸಿಸಿ 82. ಅಮೆರಿಕದ ಹೆಸರು 12 ಎಯು 7. ಒಂದೇ ಬುರುಡೆಯೊಳಗೆ ಎರಡು ಪ್ರತ್ಯೇಕ ವಾಲ್ವುಗಳಿವೆ: ಒಂದು ಎಡ ಸ್ಪೀಕರಿಗೆ, ಒಂದು ಬಲ ಸ್ಪೀಕರಿಗೆ. ಇದರ ಸೋದರನಾದ ಇಸಿಸಿ 83ಕ್ಕೆ ಹೆಸರು ಹೆಚ್ಚು. ಅದರ ವರ್ಧನಾಂಕ ಸುಮಾರು 100, ಇದರದು 20ರೊಳಗೆ. ಆದರೆ ಮೊಬೈಲು, ಸಿಡಿಗಳಿಗೆ ಅಷ್ಟು ವರ್ಧನೆ ಬೇಕಿಲ್ಲ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತಾಗಿ, ಸಂಗೀತದ ಜೊತೆಗೆ ಗುಂಯ್‌ಗುಡುವ ಸದ್ದೂ ದೊಡ್ಡದಾಗುತ್ತದೆ.

ಈಗ ಒಂದು ಚಿಕ್ಕ ಲೆಕ್ಕ. ಗಾಬರಿಯಾಗಬೇಡಿ, ಏಳನೆಯ ತರಗತಿಯ ಗುಣಾಕಾರ ಸಾಕು. ಮಂಡಲಕ್ಕೆ 250 ವೋಲ್ಟು ಕೊಡುತ್ತೇವೆ. ಆನೋಡಿಗೆ 47 ಕಿಲೋ ಓಮಿನ ರೆಸಿಸ್ಟರು, ಕ್ಯಾಥೋಡಿಗೆ 1.2 ಕಿಲೋ ಓಮಿನ ರೆಸಿಸ್ಟರು. ಆಗ ವಾಲ್ವಿನ ಒಂದು ಅರ್ಧದಲ್ಲಿ ಸುಮಾರು 3 ಮಿಲಿಆಂಪಿಯರ್ ಹರಿಯುತ್ತದೆ. 3 ಮಿಲಿಆಂಪಿಯರನ್ನು 47 ಕಿಲೋ ಓಮಿನಿಂದ ಗುಣಿಸಿದರೆ 141 ವೋಲ್ಟು. ಅಷ್ಟು ಆ ರೆಸಿಸ್ಟರಿನಲ್ಲಿ ಖರ್ಚಾಗಿ ಆನೋಡಿನಲ್ಲಿ ಉಳಿಯುವುದು 109 ವೋಲ್ಟು. ಕ್ಯಾಥೋಡಿನಲ್ಲಿ 3 ಗುಣಿಸು 1.2, ಎಂದರೆ 3.6 ವೋಲ್ಟು. ಕ್ಯಾಥೋಡ್ ಹೀಗೆ ಮೇಲೇರಿ ಕೂತುದರಿಂದ ಶೂನ್ಯದಲ್ಲಿರುವ ಗ್ರಿಡ್ ಅದಕ್ಕೆ ಹೋಲಿಸಿದರೆ ಋಣವಾಗುತ್ತದೆ. ತಪಾಸಣೆಯವರ ಕೈ ಸರಿಯಾದ ಎತ್ತರಕ್ಕೆ ತಾನಾಗಿ ಬಂದು ನಿಲ್ಲುತ್ತದೆ. ಕ್ಯಾಥೋಡ್ ರೆಸಿಸ್ಟರಿಗೆ ಜೊತೆಯಾಗಿ 47 ಮೈಕ್ರೋಫ್ಯಾರಡಿನ ಕೆಪ್ಯಾಸಿಟರನ್ನು ಇಟ್ಟರೆ ವರ್ಧನೆ ಸುಮಾರು 13 ಪಟ್ಟು. ಮನೆಗೆ ಅದು ಧಾರಾಳ. ಈ ನಾಲ್ಕು ಅಂಕಿಗಳನ್ನು, ಎಂದರೆ 250, 109, 3.6 ಮತ್ತು ಗ್ರಿಡ್ಡಿನ ಸೊನ್ನೆಯನ್ನು, ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಮುಂದೆ ಅವೇ ನಿಮ್ಮ ಕಣ್ಣು.

ಉಳಿದ ಭಾಗಗಳು ಸ್ವಲ್ಪವೇ. ಸಂಜ್ಞೆ ಮೊದಲು 100 ಕಿಲೋ ಓಮಿನ ಜೋಡಿ ವಾಲ್ಯೂಮ್ ಕಂಟ್ರೋಲಿಗೆ ಬಂದು, ಅಲ್ಲಿಂದ 1 ಕಿಲೋ ಓಮಿನ ರೆಸಿಸ್ಟರಿನ ಮೂಲಕ ಗ್ರಿಡ್ಡಿಗೆ ಹೋಗುತ್ತದೆ. ಗ್ರಿಡ್ಡಿನ ಕಡೆಯಿಂದ ನೆಲದ ತಂತಿಗೆ 1 ಮೆಗಾ ಓಮಿನ ಇನ್ನೊಂದು ರೆಸಿಸ್ಟರು. ಆನೋಡಿನಿಂದ ಹೊರಬರುವ ಸಂಗೀತ 1 ಮೈಕ್ರೋಫ್ಯಾರಡ್, 400 ವೋಲ್ಟಿನ ಪಾಲಿಯೆಸ್ಟರ್ ಕೆಪ್ಯಾಸಿಟರನ್ನು ದಾಟಿ ಹೊರಹೋಗುತ್ತದೆ. ಈ ಕೆಪ್ಯಾಸಿಟರು ಸಂಗೀತವನ್ನು ಬಿಡುತ್ತದೆ, 109 ವೋಲ್ಟನ್ನು ತಡೆಯುತ್ತದೆ. ಹೊರಬಾಗಿಲಲ್ಲಿ ನೆಲಕ್ಕೆ 470 ಕಿಲೋ ಓಮು. ಆನೋಡ್ ರೆಸಿಸ್ಟರು 2 ವ್ಯಾಟಿನದಾಗಿರಲಿ. ಕಾಲು ವ್ಯಾಟಿನವು ಇಷ್ಟು ವೋಲ್ಟಿಗೆ ಹೇಳಿದವಲ್ಲ.

250 ವೋಲ್ಟನ್ನು ಎಲ್ಲಿಂದ ತರುವುದು? ವಾಲ್ವಿಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಹುಡುಕಿ ಅಲೆಯಬೇಕಾಗಿಲ್ಲ. ಎಲ್ಲ ಕಡೆ ಸಿಗುವ 12 ವೋಲ್ಟಿನ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ. ಮೊದಲನೆಯದು 2 ಆಂಪಿಯರಿನದು: 230 ವೋಲ್ಟನ್ನು 12ಕ್ಕೆ ಇಳಿಸುತ್ತದೆ. ಆ 12 ವೋಲ್ಟೇ ವಾಲ್ವಿನ ಹೀಟರನ್ನು ಕಾಯಿಸುತ್ತದೆ. ಅದೇ 12 ವೋಲ್ಟನ್ನು 1 ಆಂಪಿಯರಿನ ಎರಡನೆಯದಕ್ಕೆ ತಲೆಕೆಳಗಾಗಿ ಕೊಟ್ಟರೆ ಆಚೆಯಿಂದ ಸುಮಾರು 200 ವೋಲ್ಟು ಬರುತ್ತದೆ. ಡಯೋಡುಗಳ ಸೇತುವೆಯಿಂದ ಅದನ್ನು ಏಕಮುಖವಾಗಿ ಮಾಡಿ ಕೆಪ್ಯಾಸಿಟರಿಗೆ ತುಂಬಿದರೆ 280 ವೋಲ್ಟಿನಷ್ಟಾಗುತ್ತದೆ. 47 ಮೈಕ್ರೋಫ್ಯಾರಡ್, 450 ವೋಲ್ಟಿನ ಒಂದು ಕೆಪ್ಯಾಸಿಟರು, ಅನಂತರ 4.7 ಕಿಲೋ ಓಮಿನ ರೆಸಿಸ್ಟರು. ಅನಂತರ ಅಂತಹುದೇ ಇನ್ನೊಂದು ಕೆಪ್ಯಾಸಿಟರು. ಅಲ್ಲಿ ನಮ್ಮ 250 ವೋಲ್ಟು ಸಿದ್ಧ. ಮನೆಯ ವಿದ್ಯುತ್ತು ಒಳಬರುವ ಕಡೆಯಲ್ಲಿ 250 ಮಿಲಿಆಂಪಿಯರಿನ, ತಡವಾಗಿ ಕರಗುವ ಫ್ಯೂಸನ್ನು ಮರೆಯಬಾರದು.

ಈಗ ಆರಂಭದಲ್ಲಿ ಹೇಳಿದ ಅಪಾಯದ ಜಾಗಕ್ಕೆ ಬಂದೆವು. ಗೃಹಿಣಿಯರೂ ಈ ಭಾಗವನ್ನು ಓದಬೇಕೆಂದು ಪ್ರಾರ್ಥನೆ.

ಪ್ಲಗ್ಗು ಕಿತ್ತ ಮೇಲೂ ಆ ಕೆಪ್ಯಾಸಿಟರುಗಳಲ್ಲಿ 250 ವೋಲ್ಟು ಉಳಿದಿರುತ್ತದೆ. ದೀಪ ಆರಿದೆ, ತಂತಿ ಕಿತ್ತಿದೆ, ಇನ್ನೇನು ಭಯವೆಂದು ಕೈಹಾಕಿದವನಿಗೆ ಅದು ಹೊಡೆಯುತ್ತದೆ. ಇದಕ್ಕೆ ಉಪಾಯ, ಎರಡನೆಯ ಕೆಪ್ಯಾಸಿಟರಿಗೆ ಅಡ್ಡಲಾಗಿ ಶಾಶ್ವತವಾಗಿ ಬೆಸೆದ 220 ಕಿಲೋ ಓಮು, 2 ವ್ಯಾಟಿನ ರೆಸಿಸ್ಟರು. ತಳದಲ್ಲಿ ಸಣ್ಣ ತೂತಿರುವ ಕೊಡದಂತೆ ಅದು ವಿದ್ಯುತ್ತನ್ನು ಸೋರಿಸುತ್ತದೆ. ಲೆಕ್ಕದ ಪ್ರಕಾರ ಒಂದು ನಿಮಿಷಕ್ಕೆ 15 ವೋಲ್ಟಿನ ಕೆಳಗೆ, ಎರಡು ನಿಮಿಷಕ್ಕೆ ಒಂದು ವೋಲ್ಟಿನಷ್ಟಕ್ಕೆ ಇಳಿಯುತ್ತದೆ. ಆದರೆ ಆ ರೆಸಿಸ್ಟರಿನ ಬೆಸುಗೆಯೇ ಬಿಟ್ಟಿದ್ದರೆ? ಆದ್ದರಿಂದ ಪ್ಲಗ್ಗು ಕೀಳುವುದು, ಎರಡು ನಿಮಿಷ ಕಾಯುವುದು, ಮೀಟರಿನಿಂದ ಎರಡೂ ಕೆಪ್ಯಾಸಿಟರುಗಳನ್ನು ಅಳೆಯುವುದು, ಅಂಕಿ ಇಳಿದಿದ್ದರೆ ಮಾತ್ರ ಮುಟ್ಟುವುದು. ನೂರನೆಯ ಸಲವೂ ಇದೇ ಕ್ರಮ.

“ನಮ್ಮ ಮನೆಯಲ್ಲಿ ಆರ್.ಸಿ.ಸಿ.ಬಿ. ಹಾಕಿಸಿದ್ದೇವೆ, ಷಾಕು ಹೊಡೆದರೆ ಅದೇ ಕಡಿದುಹಾಕುತ್ತದೆ” ಎನ್ನುವವರುಂಟು. ಇಲ್ಲಿ ಆ ಧೈರ್ಯ ಸಲ್ಲದು. ಮನೆಯ ತಂತಿಯಲ್ಲಿ ಹೋದ ವಿದ್ಯುತ್ತು ಅಷ್ಟೇ ಹಿಂದಿರುಗಿತೆ ಎಂದು ಮಾತ್ರ ಅದು ನೋಡುತ್ತದೆ. ನಮ್ಮ 250 ವೋಲ್ಟು ಟ್ರಾನ್ಸ್‌ಫಾರ್ಮರಿನ ಆಚೆ ದಡದಲ್ಲಿದೆ. ಅಲ್ಲಿ ನಿಮ್ಮ ಮೈಯ ಮೂಲಕ ಚಾಸಿಗೆ ಹರಿದುದು ಈ ಕಾವಲುಗಾರನ ಲೆಕ್ಕಕ್ಕೆ ಬರುವುದೇ ಇಲ್ಲ. ಕಾಪಾಡುವುದು ನಿಮ್ಮ ಶಿಸ್ತೊಂದೆ. ಲೋಹದ ಪೆಟ್ಟಿಗೆ ಮೂರು ಕಡ್ಡಿಯ ಪ್ಲಗ್ಗಿನಿಂದ ಅರ್ಥಿಗೆ ಸೇರಿರಲಿ. ಹಳೆಯ ಕಟ್ಟಡಗಳಲ್ಲಿ ಮೂರನೆಯ ತೂತು ಇದ್ದರೂ ಅದರ ಹಿಂದೆ ತಂತಿ ಇರಲೇಬೇಕೆಂದಿಲ್ಲ; ಬಲ್ಲ ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ನೋಡಿಸಿ. ವಿದ್ಯುತ್ತು ಇರುವಾಗ ಅಳೆಯಬೇಕಾದರೆ ಮೀಟರಿನ ಕಪ್ಪು ತಂತಿಯನ್ನು ಚಾಸಿಗೆ ಕ್ಲಿಪ್ಪಿನಿಂದ ಕಚ್ಚಿಸಿ, ಎಡಗೈಯನ್ನು ಜೇಬಿನಲ್ಲಿಟ್ಟು, ಬಲಗೈಯೊಂದರಿಂದಲೇ ಅಳೆಯಿರಿ. ಎರಡು ಕೈಯ ನಡುವೆ ಎದೆಯಿದೆಯೆಂಬುದು ನೆನಪಿರಲಿ. ಒಂಟಿಯಾಗಿರುವಾಗ, ರಾತ್ರಿ ನಿದ್ದೆಗಣ್ಣಿನಲ್ಲಿರುವಾಗ, ಚಿಕ್ಕ ಮಕ್ಕಳು ಓಡಾಡುತ್ತಿರುವಾಗ ಪೆಟ್ಟಿಗೆಯ ತಳವನ್ನು ತೆರೆಯಲೇಬಾರದು.

ಇಷ್ಟನ್ನು ಒಪ್ಪಿಕೊಂಡವರು ಪೇಟೆಗೆ ಹೊರಡಬಹುದು. ರೆಸಿಸ್ಟರು, ಟ್ರಾನ್ಸ್‌ಫಾರ್ಮರುಗಳು ನಮ್ಮ ಊರುಗಳಲ್ಲೇ ಸಿಗುತ್ತವೆ. ಎಲ್ಲವೂ ಒಂದೇ ಕಡೆ ಬೇಕಾದರೆ ಮುಂಬಯಿಯ ಲ್ಯಾಮಿಂಗ್ಟನ್ ರೋಡೇ ಸರಿ, ಡಾ. ಭಡಕಮಕರ ಮಾರ್ಗವೆಂಬುದು ಅದರ ಈಗಿನ ಹೆಸರು. ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆಯ ನಿಧಾನದ ಗಾಡಿ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರ ಹೋಗುವುದು ಲೇಸು. ವಾಲ್ವಿನ ವಿಷಯದಲ್ಲಿ ಮಾತ್ರ ಎಚ್ಚರ. ಹೊಸ ವಾಲ್ವುಗಳು ಇಂದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ತಯಾರಾಗುತ್ತವೆ. ಆರಂಭಕ್ಕೆ ಅಂತಹ ಹೊಸದೇ ಸಾಕು. ಬುರುಡೆಯ ತಲೆಯೊಳಗೆ ಕನ್ನಡಿಯಂತೆ ಹೊಳೆಯುವ ಲೇಪವಿರಬೇಕು. ಅದು ಹಾಲಿನಂತೆ ಬಿಳುಪಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆಯೆಂದರ್ಥ. ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಕಟ್ಟುವ ಕ್ರಮದಲ್ಲಿ ಅವಸರ ಕೂಡದು. ಮೊದಲನೆಯ ಭಾನುವಾರ ಅಲ್ಯುಮಿನಿಯಮ್ ಪೆಟ್ಟಿಗೆಗೆ ತೂತು ಕೊರೆಯುವುದು. ಸಾಕೆಟ್ಟನ್ನು ಕೈಯಲ್ಲಿ ಹಿಡಿದೇ ಅಳತೆ ಗುರುತಿಸಿ. ಎರಡನೆಯ ಭಾನುವಾರ ವಿದ್ಯುತ್ತಿನ ಭಾಗವೊಂದನ್ನೇ ಬೆಸೆದು ಅಳೆಯುವುದು. ವಾಲ್ವಿಲ್ಲದೆ ಅಳೆದಾಗ 250ಕ್ಕಿಂತ ಹೆಚ್ಚು, 280ರ ಆಸುಪಾಸು ಕಂಡರೆ ಹೆದರಬೇಡಿ. ಭಾರ ಹೊರಿಸಿದಾಗ ಇಳಿಯುತ್ತದೆ. ಮೂರನೆಯ ಭಾನುವಾರ ವಾಲ್ವಿನ ಸಾಕೆಟ್ಟಿನ ಕೆಲಸ. ಅದಕ್ಕೆ ಒಂಬತ್ತು ಕಾಲು. ತಳದಿಂದ ನೋಡಿದಾಗ ಖಾಲಿ ಜಾಗದಿಂದ ಹಿಡಿದು ಗಡಿಯಾರದ ಮುಳ್ಳಿನಂತೆ ಎಣಿಸಬೇಕು. ಹೀಟರಿಗೆ 4 ಮತ್ತು 5. ಒಂದು ಅರ್ಧದ ಆನೋಡ್, ಗ್ರಿಡ್, ಕ್ಯಾಥೋಡುಗಳು 1, 2, 3. ಇನ್ನೊಂದರವು 6, 7, 8. ಬೆಸುಗೆ ಕಾದ ಹೆಂಚಿನ ಮೇಲಿನ ತುಪ್ಪದಂತೆ ಹರಡಿಕೊಳ್ಳಬೇಕು. ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಾಗಿ ಕೂತರೆ ಅದು ಹಿಡಿದಿಲ್ಲ; ಮತ್ತೆ ಕಾಯಿಸಿ.

ಕೊನೆಗೆ ವಾಲ್ವನ್ನು ಕೂಡಿಸಿ, ಯಾವ ಸ್ಪೀಕರನ್ನೂ ಜೋಡಿಸದೆ ವಿದ್ಯುತ್ತು ಕೊಡಿ. ಅರ್ಧ ನಿಮಿಷದಲ್ಲಿ ಹೀಟರು ಸಂಧ್ಯಾದೀಪದಂತೆ ಕೆಂಪಗೆ ಕಾಣುತ್ತದೆ. ಅದನ್ನು ನೋಡುತ್ತ ಮೈಮರೆಯದೆ ಮೀಟರು ಹಿಡಿಯಿರಿ. ಕ್ಯಾಥೋಡಿನ ವೋಲ್ಟನ್ನು 1.2 ಕಿಲೋ ಓಮಿನಿಂದ ಭಾಗಿಸಿ. ಆನೋಡ್ ರೆಸಿಸ್ಟರಿನ ಎರಡು ತುದಿಗಳ ವೋಲ್ಟುಗಳ ವ್ಯತ್ಯಾಸವನ್ನು 47 ಕಿಲೋ ಓಮಿನಿಂದ ಭಾಗಿಸಿ. ಎರಡು ದಾರಿಯಿಂದಲೂ 3 ಮಿಲಿಆಂಪಿಯರಿನ ಆಸುಪಾಸು ಬಂದರೆ ವಾಲ್ವು ಆರೋಗ್ಯವಾಗಿದೆ. ಹತ್ತಕ್ಕೆ ಒಂದು ಪಾಲು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಆನೋಡಿನಲ್ಲಿ ಪೂರ್ತಿ 250 ಇದ್ದು ಕ್ಯಾಥೋಡಿನಲ್ಲಿ ಸೊನ್ನೆಯಿದ್ದರೆ ವಾಲ್ವಿನಲ್ಲಿ ಏನೂ ಹರಿಯುತ್ತಿಲ್ಲ. ಹೀಟರಿನ ಬೆಸುಗೆ ನೋಡಿ. ಆನೋಡಿನಲ್ಲಿ 250, ಕ್ಯಾಥೋಡಿನಲ್ಲಿ ಹತ್ತಾರು ವೋಲ್ಟು ಕಂಡರೆ ಕ್ಯಾಥೋಡ್ ರೆಸಿಸ್ಟರಿನ ಬೆಸುಗೆ ಬಿಟ್ಟಿದೆ. ಒಂದು ಅರ್ಧ ಸರಿಯಾಗಿದ್ದು ಇನ್ನೊಂದು ತಪ್ಪಾಗಿದ್ದರೆ ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಮತ್ತೊಮ್ಮೆ ಓದಿ. ವೈದ್ಯರು ನಾಡಿ ಹಿಡಿದಂತೆ ನಾಲ್ಕು ಅಂಕಿಗಳಿಂದ ರೋಗ ಗೊತ್ತಾಗುತ್ತದೆ. ಹೊಸಬನಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೊಂದಿಲ್ಲವೆಂದು ನಮ್ಮ ನಂಬಿಕೆ.

ಪವರ್ ಆಂಪ್ಲಿಫಯರಿಗೆ ಜೋಡಿಸುವ ಮುನ್ನ ಹೊರಬಾಗಿಲಿನಲ್ಲಿ ಡಿ.ಸಿ. ವೋಲ್ಟು ಸೊನ್ನೆಗೆ ಇಳಿದು ನಿಂತಿದೆಯೆ ಎಂದು ನೋಡಿ. ನಿಲ್ಲದಿದ್ದರೆ ಕೆಪ್ಯಾಸಿಟರು ಸೋರುತ್ತಿದೆ. ಪ್ರೀ-ಆಂಪ್ಲಿಫಯರನ್ನು ಮೊದಲು ಹಚ್ಚಿ, ಒಂದು ನಿಮಿಷ ಬಿಟ್ಟು ಪವರ್ ಆಂಪ್ಲಿಫಯರನ್ನು ಹಚ್ಚಿ. ಆರಿಸುವಾಗ ಇದಕ್ಕೆ ತಿರುವುಮುರುವು. ಹೀಗೆ ಮಾಡದಿದ್ದರೆ ಕಾಯುವಾಗಿನ ಧಡಲ್ ಸದ್ದಿಗೆ ಸ್ಪೀಕರು ಹರಿದೀತು.

ಹಾಡಿನ ಹಿಂದೆ ಗುಂಯ್ ಎಂಬ ಸದ್ದು ಕೇಳಿದರೆ ಎದೆಗುಂದಬೇಡಿ. ಕರೆಯದೆ ಬಂದ ಈ ಶ್ರುತಿಯಲ್ಲೂ ಎರಡು ಬಗೆ. ತೀರ ತಗ್ಗಿನದು 50 ಕಂಪನದ್ದು. ಹೀಟರಿನ ತಂತಿಗಳಿಂದ ಬಂದದ್ದು. ಅವೆರಡನ್ನೂ ಜಡೆಯಂತೆ ಹೆಣೆದು ಚಾಸಿಯ ಮೂಲೆಗೆ ಒತ್ತಿ. 12 ವೋಲ್ಟಿನ ಎರಡೂ ತುದಿಗಳಿಂದ ನೆಲಕ್ಕೆ 220 ಓಮಿನ ಒಂದೊಂದು ರೆಸಿಸ್ಟರು ಹಾಕಿ. ಅದಕ್ಕಿಂತ ಒಂದು ಸ್ಥಾಯಿ ಮೇಲಿನದು 100 ಕಂಪನದ್ದು. ಡಯೋಡುಗಳಿಂದ ಬಂದ ವಿದ್ಯುತ್ತು ಪೂರ್ತಿ ನಯವಾಗಿಲ್ಲವೆಂದರ್ಥ. ಕೆಪ್ಯಾಸಿಟರುಗಳ ಬೆಸುಗೆ ನೋಡಿ. ನೆಲದ ತಂತಿಗಳನ್ನೆಲ್ಲ ಸಿಕ್ಕಸಿಕ್ಕಲ್ಲಿ ಚಾಸಿಗೆ ಅಂಟಿಸದೆ ಒಂದೇ ಬಿಂದುವಿಗೆ ತಂದು ಸೇರಿಸಿದರೆ ಎಷ್ಟೋ ಸದ್ದು ಅಡಗುತ್ತದೆ. ತಂಬೂರಿ ಹಿಡಿದು ಕುಳಿತವರ ಕಿವಿ ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ; ಯಾವ ಸದ್ದು ಯಾವ ಸ್ಥಾಯಿಯದೆಂದು ಅವರನ್ನೇ ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಇನ್ನು ಮಕ್ಕಳ ಪಾಲು. ತೆರೆದ ಪೆಟ್ಟಿಗೆಯ ಹತ್ತಿರ ಅವರನ್ನು ಬಿಡಬಾರದೆಂದೆವು. ಆದರೆ ಕೆಲಸದಿಂದಲೇ ದೂರವಿಡಬೇಕೆಂದಲ್ಲ. ರೆಸಿಸ್ಟರುಗಳ ಬಣ್ಣ ಓದುವುದು ಅವರಿಗೆ ಆಟ: ಹಳದಿ, ನೇರಳೆ, ಕಿತ್ತಳೆ ಎಂದರೆ 47 ಕಿಲೋ, ಕಂದು, ಕೆಂಪು, ಕೆಂಪು ಎಂದರೆ 1.2 ಕಿಲೋ, ಕಂದು, ಕಪ್ಪು, ಹಸಿರು ಎಂದರೆ 1 ಮೆಗಾ. ಐದು ಪಟ್ಟಿಗಳ ಹೊಸ ಬಗೆಯವಾದರೆ ಮೀಟರಿನಿಂದಲೇ ಅಳೆದು ವಿಂಗಡಿಸಲಿ. ಅಪ್ಪ ಅಂಕಿ ಕೂಗಲಿ, ಮಗಳು ಭಾಗಾಕಾರ ಮಾಡಲಿ. ಊರಿನಿಂದ ದೂರ ಬಂದ ನಮ್ಮ ಮನೆಗಳಲ್ಲಿ ಕನ್ನಡ ಉಳಿಯುವುದು ಹೀಗೆ ಜೊತೆಗೆ ಕುಳಿತು ಮಾಡುವ ಕೆಲಸಗಳ ನಡುವೆಯೇ. “ಹಿಡಿ, ಬಿಡು, ಸ್ವಲ್ಪ ಓರೆ ಮಾಡು, ಕೈ ಸುಟ್ಟೀತು” ಎಂಬ ಮಾತುಗಳನ್ನು ಯಾವ ತರಗತಿಯೂ ಇಷ್ಟು ಚೆನ್ನಾಗಿ ಕಲಿಸಲಾರದು.

ಪ್ರಶ್ನೆ ಕೇಳಿದ ಇಬ್ಬರಿಗೂ, ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡವರಿಗೂ ನಮ್ಮ ಸಲಹೆ ಇದು. ಈ ತಿಂಗಳು ವಾಲ್ವನ್ನು ಕೊಳ್ಳಬೇಡಿ. 600 ವೋಲ್ಟಿನವರೆಗೆ ಅಳೆಯುವ, ತಂತಿಗಳ ಹೊದಿಕೆ ಗಟ್ಟಿಯಾಗಿರುವ ಒಂದು ಒಳ್ಳೆಯ ಮಲ್ಟಿಮೀಟರನ್ನು ಕೊಳ್ಳಿ. 9 ವೋಲ್ಟಿನ ಬ್ಯಾಟರಿಗೆ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಹಾಕಿ, ನಡುವಿನ ಬಿಂದುವಿನಲ್ಲಿ ಎಷ್ಟು ವೋಲ್ಟು ಬರಬೇಕೆಂದು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಅನಂತರ ಅಳೆಯಿರಿ. ಲೆಕ್ಕವೂ ಅಳತೆಯೂ ಹತ್ತು ಸಲ ತಾಳೆಯಾದ ಮೇಲೆ ಲ್ಯಾಮಿಂಗ್ಟನ್ ರೋಡಿಗೆ ಹೊರಡಿ. ಅಷ್ಟು ಕಾಯಲಾರೆ ಎನ್ನುವವರು ಸಿದ್ಧವಾದ ಪ್ರೀ-ಆಂಪ್ಲಿಫಯರನ್ನು ಅಂಗಡಿಯಿಂದ ತಂದು ಸುಖವಾಗಿ ಹಾಡು ಕೇಳಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ.